ಬಾವುಟ ಯಾವುದೇ ಇರಲಿ, ವಾರ್ಡಿನ ಲೆಕ್ಕ ಕೇಳುವವರು ಯಾರು?

ಮಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2025ರ ಫೆಬ್ರವರಿಯಲ್ಲೇ ಮುಗಿದಿದೆ. ಆ ಮೇಲೆ ಆಡಳಿತಾಧಿಕಾರಿಯದ್ದೇ ಕಾರುಬಾರು. ಇನ್ನೇನು ಚುನಾವಣೆ ಬಂತು ಎಂಬ ಸುದ್ದಿ ಎದ್ದಾಗಲೆಲ್ಲ ನಮ್ಮ ಜಮಾಅತ್‌ಗಳ ಸುತ್ತಲಿನ ಚಾದ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: ‘ಈ ಸಲ ನಮ್ಮವರು ಯಾವ ಕಡೆಗೆ?’

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2013ರಲ್ಲಿ ಪಾಲಿಕೆಯ 60 ವಾರ್ಡ್‌ಗಳ ಪೈಕಿ 35ರಲ್ಲಿ ಕಾಂಗ್ರೆಸ್ ಗೆದ್ದಿತ್ತು. 2019ರಲ್ಲಿ ಅದು 14ಕ್ಕೆ ಇಳಿಯಿತು. ಬಿಜೆಪಿಗೆ 44, ಎಸ್‌ಡಿಪಿಐಗೆ 2 ಸ್ಥಾನ ಸಿಕ್ಕಿತು. ಅದಕ್ಕೂ ಒಂದು ವರ್ಷ ಮೊದಲು ಉಳ್ಳಾಲ ನಗರಸಭೆಯಲ್ಲಿ ಕಾಂಗ್ರೆಸ್, ಎಸ್‌ಡಿಪಿಐ, ಜೆಡಿಎಸ್ ಎಂದು ನಮ್ಮ ಮತಗಳು ಮೂರು ದಿಕ್ಕಿಗೆ ಹೋಗಿದ್ದವು. ‘ಕಾಂಗ್ರೆಸ್ ಬಿಟ್ಟರೆ ಬೇರೆ ಎಂತ ಉಂಟು?’ ಎಂಬ ಹಿರಿಯರ ಮಾತು ಆಗಲೇ ಸಡಿಲವಾಗಿತ್ತು.

2025ರ ಮೇ ಕೊನೆಯಲ್ಲಿ ಬಂಟ್ವಾಳ ತಾಲೂಕಿನಲ್ಲಿ ನಮ್ಮ ಯುವಕನೊಬ್ಬನ ಕೊಲೆಯಾಯಿತು. ಜಿಲ್ಲೆಯ ಹಲವು ಮುಸ್ಲಿಂ ಕಾಂಗ್ರೆಸ್ ಮುಖಂಡರು ಮಂಗಳೂರಿನಲ್ಲಿ ಸಭೆ ಸೇರಿ ಪಕ್ಷದ ಹುದ್ದೆಗಳಿಗೆ ರಾಜೀನಾಮೆ ಘೋಷಿಸಿದರು. ಆ ಸಿಟ್ಟಿನಲ್ಲಿ ನ್ಯಾಯ ಉಂಟು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪೊಲೀಸ್ ಇಲಾಖೆ ಇರುವುದು ರಾಜ್ಯ ಸರಕಾರದ ಕೈಯಲ್ಲಿ, ಪಾಲಿಕೆಯ ಕೈಯಲ್ಲಲ್ಲ. ಸರಕಾರದ ಮೇಲಿನ ಸಿಟ್ಟನ್ನು ವಾರ್ಡಿನ ಮೇಲೆ ತೀರಿಸಿದರೆ ಬಿಸಿ ತಟ್ಟುವುದು ಯಾರಿಗೆ?

ವಾರ್ಡಿನ ಸದಸ್ಯನ ಕೆಲಸವೇ ಬೇರೆ. ತುಂಬೆ ಅಣೆಕಟ್ಟಿನ ನೀರು ಬೇಸಗೆಯಲ್ಲಿ ಕಡಿಮೆಯಾದಾಗ ಯಾವ ಬೀದಿಗೆ ಯಾವ ದಿನ ಬಿಡುತ್ತಾರೆ, ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕಿದರೆ ಯಾರು ಬರುತ್ತಾರೆ, ಸಣ್ಣ ಅಂಗಡಿಗೆ ಪರವಾನಿಗೆ ಯಾಕೆ ತಡವಾಯಿತು, ಇದೆಲ್ಲ ಅವನು ಕೇಳಬೇಕಾದ್ದು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿತಲ್ಲ, ಆ ಕಸವನ್ನು ಸುರಿದದ್ದು ಪಾಲಿಕೆಯೇ. ಕಸಕ್ಕೆ ಬ್ಯಾರಿ, ಬಂಟ, ಕ್ರಿಸ್ತುವ ಎಂಬ ಭೇದ ಇಲ್ಲ.

ಪಕ್ಷ ಬದಲಿಸುವ ಮುಖಂಡರ ವಿಷಯದಲ್ಲಿ ಒಂದು ಕಾನೂನು ತಿಳಿದಿರಲಿ. ಸ್ಥಳೀಯ ಸಂಸ್ಥೆಗಳಿಗೆ ರಾಜ್ಯದಲ್ಲಿ 1987ರ ಪಕ್ಷಾಂತರ ನಿಷೇಧ ಕಾಯ್ದೆ ಉಂಟು. ಪಾಲಿಕೆಗೆ ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದವನು ಆ ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೂ ಅಷ್ಟೇ. ಹಾಗಾಗಿ ಜಿಗಿದಾಟ ಎಲ್ಲ ಟಿಕೆಟ್ ಹಂಚುವ ಮೊದಲೇ. ಆಗ ‘ನನ್ನ ಹಿಂದೆ ಇಷ್ಟು ಮನೆ ಉಂಟು’ ಎಂದು ಅವರು ತೋರಿಸುವುದು ನಮ್ಮದೇ ಮನೆಗಳನ್ನು. ನಮ್ಮನ್ನು ಕೇಳಿದವರು ಯಾರು ಮಾರಾಯ್ರೆ?

ಪಾಲಿಕೆಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ವಾರ್ಡ್ ಮಹಿಳಾ ಮೀಸಲಾದ ಕೂಡಲೇ ಕೆಲವು ಕಾಕಂದಿರು ಹೆಂಡತಿಯ ಹೆಸರು ಕೊಟ್ಟು, ಫೋನನ್ನು ತಮ್ಮ ಕಿಸೆಯಲ್ಲೇ ಇಟ್ಟುಕೊಳ್ಳುತ್ತಾರೆ. ನೀರು ಬಾರದ ದಿನ ಕೊಡ ಹಿಡಿದು ಕಾಯುವ ಉಮ್ಮಂದಿರಿಗೆ ವಾರ್ಡಿನ ಸಂಗತಿ ಈ ಕಾಕಂದಿರಿಗಿಂತ ಚೆನ್ನಾಗಿ ಗೊತ್ತು. ಪಿಯುಸಿ, ಡಿಗ್ರಿ ಓದಿದ ಹೆಣ್ಣುಮಕ್ಕಳು ಈಗ ಮನೆಮನೆಯಲ್ಲೂ ಇದ್ದಾರೆ. ಯಾವ ಪಕ್ಷವೇ ಬರಲಿ, ಸಭೆಯಲ್ಲಿ ಅವರೇ ಕೂತು ಅವರೇ ಮಾತಾಡುತ್ತಾರೋ ಎಂದು ಟಿಕೆಟ್ ಕೊಡುವವರನ್ನು ಕೇಳಿ.

ಅದಕ್ಕೂ ಮೊದಲು ಮತದಾರರ ಪಟ್ಟಿ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ವಾರ್ಡಿನಲ್ಲೇ ಉಳಿದಿರುತ್ತದೆ, ಬಾಡಿಗೆ ಮನೆ ಬದಲಿಸಿದವರದ್ದು ಹಳೆಯ ಬೀದಿಯಲ್ಲಿ. ಸ್ಥಳ ಬದಲಾವಣೆಗೆ ನಮೂನೆ 8, 18 ತುಂಬಿದ ಮಕ್ಕಳಿಗೆ ನಮೂನೆ 6. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಸಮಯ ಸಿಗುವುದಿಲ್ಲ. ಗಲ್ಫಿನಲ್ಲಿರುವವರು ಮತ ಹಾಕಬೇಕಾದರೆ ಊರಿಗೇ ಬರಬೇಕು. ಸದ್ಯಕ್ಕೆ ಅವರಲ್ಲಿ ಹೆಚ್ಚಿನವರು ಮಾಡುತ್ತಿರುವುದು ಯಾರಿಗೆ ಹಾಕಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ಹೇಳಿ ಕಳುಹಿಸುವುದನ್ನು ಮಾತ್ರ.