ತೂತಿನಲ್ಲಿದೆ ಬೀಗದ ಗುಟ್ಟು

ಹರಾಜಿನಲ್ಲಿ ಕೊಂಡ ಹಳೆಯ ಸ್ಟೀಲ್ ಟೇಬಲ್ಲಿನ ಡ್ರಾಯರ್ ಬೀಗ ಬಿಚ್ಚಿಕೊಂಡು ನಮ್ಮ ಬೀದಿ ತುದಿಯ ಬೀಗ ರಿಪೇರಿಯವರ ಬಳಿ ಹೋಗಿದ್ದೆ. ಕೀ ಒಂದಿತ್ತು, ಅದರ ಜೋಡಿ ಯಾರ ಕೈಯಲ್ಲಿದೆಯೋ ತಿಳಿಯದು. ‘ಹೊಸ ಬೀಗ ಯಾಕೆ ಸಾರ್, ಒಳಗಿನ ಬಿಲ್ಲೆ ಬದಲಾಯಿಸಿದ್ರೆ ಸಾಕು’ ಎಂದರು. ಕೀ ಹಾಕಿ, ಬೀಗದ ಮುಖದಲ್ಲಿದ್ದ ಸೂಜಿಗಾತ್ರದ ತೂತಿಗೆ ತಂತಿ ಒತ್ತಿ ಎಳೆದರು. ಕೀಯೊಂದಿಗೆ ತಿರುಗುವ ತಿರುಳು ಅಂಗೈಗೆ ಬಂತು. ಕೀ ತೆಗೆದದ್ದೇ ತಡ, ಐದು ಹಿತ್ತಾಳೆ ಬಿಲ್ಲೆಗಳು ಹಲ್ಲಿನಂತೆ ಹೊರಗೆ ಚಾಚಿದವು.

ಉಗುರಿಗಿಂತ ಚಿಕ್ಕ ಬಿಲ್ಲೆ. ನಡುವೆ ಚೌಕಾಕಾರದ ತೂತು, ಪಕ್ಕದಲ್ಲಿ ಪುಟ್ಟ ಸ್ಪ್ರಿಂಗ್. ಐದರ ಉದ್ದವೂ ಒಂದೇ. ತೂತು ಮಾತ್ರ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಕೀ ಹಾಯುವುದು ಈ ತೂತುಗಳ ಮೂಲಕವೇ. ಸರಿಯಾದ ಕೀ ಹೊಕ್ಕರೆ ಎಲ್ಲ ಬಿಲ್ಲೆಗಳೂ ತಿರುಳಿನ ಮೈಗೆ ಸಮವಾಗಿ ಅಡಗುತ್ತವೆ, ಬೀಗ ತಿರುಗುತ್ತದೆ. ಒಂದು ಬಿಲ್ಲೆ ತಲೆ ಎತ್ತಿದರೂ ಅದು ಹೊರಗಿನ ಕವಚದ ತೋಡಿನಲ್ಲಿ ಸಿಕ್ಕಿ ತಿರುಳನ್ನು ಹಿಡಿದು ನಿಲ್ಲಿಸುತ್ತದೆ.

ವೇಫರ್ ಬೀಗ ಎನ್ನುವ ಈ ಜಾತಿ ಬೆಳೆದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಜ಼ನೋವಿಯಾ ಎಂಬ ಸಣ್ಣ ಊರಿನಲ್ಲಿ. 1868ರಲ್ಲಿ ಅಲ್ಲಿನ ಫೈಲೋ ಫೆಲ್ಟರ್ ಎರಡೂ ಅಂಚಿನಲ್ಲಿ ಹಲ್ಲಿರುವ ಕೀಯ ವೇಫರ್ ಬೀಗ ತಯಾರಿಸಿದ. 1870ರಲ್ಲಿ ಅದೇ ಊರಿನ ಹೈರಮ್ ಶೆಪರ್ಡ್‌ಸನ್ ಒಂದೇ ಅಂಚಿನ ಕೀ ಸಾಕೆಂದು ತೋರಿಸಿದ. ಅವನ ಬೀಗಕ್ಕೆ 2,500 ಬಗೆಯ ಕೀ ಸಾಧ್ಯವಿತ್ತು. ಮರುವರ್ಷ ಬಂದ ‘ಜೆಮ್’ ಎಂಬ ಬೀಗದಲ್ಲಿ, ಬಿಲ್ಲೆಗಳಿಗೆ ಸೀಳುಗಳಿರುವ ಎರಕದ ತಿರುಳಿತ್ತು. ಪಿನ್ನಿನ ಬೀಗದಲ್ಲಿ ಪ್ರತಿ ಮನೆಗೂ ಮೇಲೊಂದು, ಕೆಳಗೊಂದು ಪಿನ್ ಬೇಕು. ಇಲ್ಲಿ ಒಂದೇ ಬಿಲ್ಲೆ ಎರಡೂ ಕೆಲಸ ಮಾಡುತ್ತದೆ. ಅಗ್ಗವಾಗಿದ್ದ ಈ ಬೀಗ ಮೇಜು, ಕಪಾಟು, ಟಪಾಲು ಪೆಟ್ಟಿಗೆಗಳಿಗೆಲ್ಲ ಹಬ್ಬಿತು. 1935ರಲ್ಲಿ ಜನರಲ್ ಮೋಟರ್ಸ್ ಕಾರುಗಳಿಗೆ ಬಂದ, ತಿರುಳನ್ನು ಪಕ್ಕದ ಪಟ್ಟಿಯೊಂದು ಹಿಡಿಯುವ ಸೈಡ್‌ಬಾರ್ ಬೀಗವೂ ಇದೇ ವಂಶದ್ದು.

ಐದು ಬಿಲ್ಲೆ, ಪ್ರತಿಯೊಂದಕ್ಕೂ ಐದು ಎತ್ತರ ಎಂದರೆ ಲೆಕ್ಕಕ್ಕೆ 3,125 ಜೋಡಣೆ. ರಿಪೇರಿಯವರ ಬದುಕು ನಿಂತಿರುವುದು ಈ ಲೆಕ್ಕದ ಮೇಲೆಯೇ. ಎಷ್ಟೋ ಬಿಲ್ಲೆಗಳ ಮೇಲೆ ಎತ್ತರದ ಅಂಕಿ ಒತ್ತಿರುತ್ತದೆ. ನನ್ನದರಲ್ಲಿ ಅಂಕಿ ಇರಲಿಲ್ಲ. ಅವರು ಬಿಲ್ಲೆಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ, ಬಿಳಿ ಕಾಗದದ ಮೇಲೆ ಸಾಲಾಗಿಟ್ಟು, ತೂತುಗಳನ್ನು ಕಣ್ಣಳತೆಯಲ್ಲೇ ಹೋಲಿಸಿದರು. ಎರಡನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿ, ಒಂದರ ಜಾಗಕ್ಕೆ ಡಬ್ಬಿಯಿಂದ ಬೇರೊಂದನ್ನು ಹಾಕಿದರು. ಹಳೆಯ ಕೀ ಹೊಕ್ಕಿತು, ತಿರುಗಲಿಲ್ಲ. ಆಮೇಲೆ ಹೊಸ ಜೋಡಣೆಗೆ ಹೊಂದುವ ಕೀ ಕತ್ತರಿಸಿದರು. ಐದೂ ಬಿಲ್ಲೆಗಳು ಸದ್ದಿಲ್ಲದೆ ಅಡಗಿದವು. ಅಷ್ಟು ಚೊಕ್ಕ ಕೆಲಸ ಕಂಡು ನನಗೆ ಕೈಮುಗಿಯಬೇಕೆನಿಸಿತು.

ಬಿಲ್ಲೆ ಬದಲಿಸುವ ಈ ಕೆಲಸಕ್ಕೊಂದು ಅಡ್ಡದಾರಿಯೂ ಇದೆ. ಸಿಕ್ಕಿದ ಕೀ ಹಾಕಿ, ಹೊರಚಾಚಿದ ಬಿಲ್ಲೆಯ ತುದಿಯನ್ನೇ ಅರದಿಂದ ಉಜ್ಜಿ ಸಮ ಮಾಡುವುದು. ಬೀಗ ಆಗಲೂ ತಿರುಗುತ್ತದೆ. ಆದರೆ ಮೋಟಾದ ಬಿಲ್ಲೆ ತೋಡನ್ನು ಗಟ್ಟಿಯಾಗಿ ಹಿಡಿಯದು. ಬೇರೆ ಕೀಗಳಿಗೂ ಬೀಗ ಬಗ್ಗುತ್ತದೆ. ಅದು ರಿಪೇರಿ ಅಲ್ಲ, ಬೀಗಕ್ಕೆ ಮಾಡುವ ದ್ರೋಹ.

ಮನೆಯಲ್ಲಿ ಹಳೆಯ ಮೇಜೋ ಕಪಾಟೋ ಇದ್ದರೆ ಅದರ ಬೀಗವನ್ನು ಗುಜರಿಗೆ ಹಾಕಬೇಡಿ. ರಿಪೇರಿಯವರ ಬಳಿ ಒಯ್ಯಿರಿ, ಬಿಲ್ಲೆ ಬದಲಾಯಿಸಿ ಕೊಡಿ ಎಂದು ಕೇಳಿ, ಅರ ಹಾಕಲು ಮಾತ್ರ ಬಿಡಬೇಡಿ.