ಕಂತಿಗೆ ರಜೆ, ಬಡ್ಡಿಗಲ್ಲ

ಮೊರಟೋರಿಯಂ ಎಂಬ ಪದ 2020ರ ಮಾರ್ಚ್‌ನಲ್ಲಿ ಎರಡು ಸಲ ಸುದ್ದಿಯಾಯಿತು. 5ರಂದು ಅದು ಯೆಸ್ ಬ್ಯಾಂಕಿನ ಮೇಲೆ ಜಾರಿಯಾದಾಗ ಠೇವಣಿದಾರರು 50 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. 27ರಂದು ರಿಸರ್ವ್ ಬ್ಯಾಂಕ್, ಕೊರೊನಾದಿಂದ ದುಡಿಮೆ ನಿಂತ ಸಾಲಗಾರರಿಗೆ ಮೂರು ತಿಂಗಳ ಕಂತಿನಿಂದ ಬಿಡುವು ಕೊಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಮುಂದೆ ಅದು ಆಗಸ್ಟ್ 31ರವರೆಗೆ ವಿಸ್ತರಣೆಯಾಯಿತು. ಒಮ್ಮೆ ಬ್ಯಾಂಕು ಕೊಡಬೇಕಾದ ಹಣಕ್ಕೆ ತಡೆ, ಇನ್ನೊಮ್ಮೆ ಬ್ಯಾಂಕಿಗೆ ಬರಬೇಕಾದ ಹಣಕ್ಕೆ. ಎರಡರಲ್ಲೂ ಬದಲಾದದ್ದು ಗಡುವು ಮಾತ್ರ. ಬಾಕಿ ಹಾಗೇ ಇತ್ತು. ಆದರೂ ಅನೇಕರು ಕಂತಿನ ಬಿಡುವನ್ನು ಸಾಲ ಮನ್ನಾದ ತಮ್ಮನೆಂದೇ ತಿಳಿದರು.

ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ, ಕಟ್ಟದ ಬಡ್ಡಿ ಅಸಲಿಗೆ ಸೇರುತ್ತದೆ. ಸ್ಟೇಟ್ ಬ್ಯಾಂಕೇ ಆಗ ಕೊಟ್ಟ ಉದಾಹರಣೆ ನೋಡಿ: ಇನ್ನೂ 15 ವರ್ಷ ಬಾಕಿಯಿರುವ 30 ಲಕ್ಷದ ಗೃಹಸಾಲಕ್ಕೆ ಮೂರು ತಿಂಗಳು ಬಿಡುವು ಪಡೆದರೆ ಹೆಚ್ಚುವರಿ ಬಡ್ಡಿ ಸುಮಾರು 2.34 ಲಕ್ಷ, ಅಂದರೆ ಎಂಟು ಕಂತು. ಮೂರು ಬಿಟ್ಟದ್ದಕ್ಕೆ ಎಂಟು!

ಹಾಗಾದರೆ ಬಡ್ಡಿಯನ್ನೇ ಬಿಡಬೇಕಿತ್ತೆ? ಆಗದ ಮಾತು. ಸಾಲಗಾರ ಕಟ್ಟದಿದ್ದರೂ ಬ್ಯಾಂಕು ಠೇವಣಿದಾರರಿಗೆ, ಅವರಲ್ಲಿ ಎಷ್ಟೋ ಮಂದಿ ಪಿಂಚಣಿದಾರರಿಗೆ, ಬಡ್ಡಿ ಕೊಡುತ್ತಲೇ ಇರಬೇಕು. 2021ರ ಮಾರ್ಚ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ, ಪೂರ್ತಿ ಬಡ್ಡಿ ಮನ್ನಾ ಬೇಡಿಕೆಯನ್ನು ತಳ್ಳಿಹಾಕಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ, ಸಾಲದ ಮೊತ್ತ ಎಷ್ಟೇ ಇರಲಿ, ವಸೂಲು ಮಾಡಕೂಡದೆಂದಿತು. ಚಕ್ರಬಡ್ಡಿಗೆ ದಂಡದ ಗುಣವಿದೆ. ಅನುಮತಿ ಕೊಟ್ಟು ಕಂತು ಮುಂದೂಡಿಸಿ, ಅದಕ್ಕೇ ದಂಡ ಹಾಕುವುದು ಹೇಗೆ ಎಂಬ ಈ ತರ್ಕ ನನಗೆ ಸರಿಯೆನಿಸುತ್ತದೆ. ಬಿಡುವನ್ನು ಯಾರ ಮೇಲೂ ಹೇರಿರಲಿಲ್ಲವಲ್ಲ, ಬೇಡದವರು ಕಟ್ಟಬಹುದಿತ್ತಲ್ಲ ಎನ್ನುವವರಿದ್ದಾರೆ. ಸಂಬಳ ನಿಲ್ಲದವರಿಗೆ ಅದು ನಿಜವಾದ ಆಯ್ಕೆಯೇ. ಅಂಗಡಿ ಬಾಗಿಲು ಹಾಕಿದವರಿಗೆ, ಟ್ಯಾಕ್ಸಿ ನಿಲ್ಲಿಸಿದವರಿಗೆ ಬೇರೆ ದಾರಿ ಎಲ್ಲಿತ್ತು? ಅವರಿಗೆ ಬೇಕಾಗಿದ್ದುದು ಅರ್ಜಿ ಹಾಕುವ ದಿನವೇ, ಮುಂದೆ ಎಷ್ಟು ಕಂತು ಹೆಚ್ಚು ಕಟ್ಟಬೇಕು ಎಂಬ ಲೆಕ್ಕ. ತೀರ್ಪಿಗೂ ಮುಂಚೆ, 2020ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಭರಿಸುವುದಾಗಿ ಹೇಳಿತ್ತು. ಆ ಹಣ ಒಂದೂ ಕಂತು ತಪ್ಪಿಸದೆ ಕಟ್ಟಿದವರಿಗೂ ಸಿಕ್ಕಿತು.