ಅರವತ್ತು ದಿನದ ಲೆಕ್ಕ

ಮಸಾಲೆ ಡಬ್ಬಿಯಿಂದ ಒಂದು ಜೀರಿಗೆ ಕಾಳು ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿ. ಹೆಚ್ಚುಕಮ್ಮಿ ಅಷ್ಟೇ ಗಾತ್ರ: ನಾಲ್ಕೂವರೆ ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ. ಹೊರಗೆ ಟೈಟಾನಿಯಂ ಚಿಪ್ಪು, ಒಳಗೆ ವಿಕಿರಣ ಸೂಸುವ ಅಯೋಡಿನ್-125. ಗಂಡಸಿನ ಮೂತ್ರಕೋಶದ ಬುಡದಲ್ಲಿ ಹಣ್ಣಡಿಕೆಯಂತೆ ಕೂತಿರುವ ಪ್ರಾಸ್ಟೇಟ್ ಗ್ರಂಥಿಯೊಳಗೆ ಇಂಥವನ್ನು ಎಂಬತ್ತೋ ನೂರೋ ನೆಟ್ಟು, ಅಲ್ಲೇ ಬಿಟ್ಟುಬಿಡುತ್ತಾರೆ. ಮತ್ತೆ ತೆಗೆಯುವುದಿಲ್ಲ. ಡಾಕ್ಟರರು ಇದಕ್ಕೆ 'ಸೀಡ್' ಎನ್ನುತ್ತಾರೆ. ಬೀಜವೇನೋ ಹೌದು, ಆದರೆ ಮೊಳೆಯುವ ಬೀಜವಲ್ಲ. ನೆಟ್ಟ ದಿನದಿಂದಲೇ ಸೊರಗುತ್ತ ಹೋಗುವ ಬೀಜ.

ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದವರ ಬಾಯಲ್ಲಿ ವಿಕಿರಣ ಚಿಕಿತ್ಸೆಗೆ ಇರುವ ಮಾತು 'ಕರೆಂಟ್ ಕೊಡೋದು'. ಅದು ಹೊರಗಿನ ಕರೆಂಟು. ದೊಡ್ಡ ಯಂತ್ರದ ಕೆಳಗೆ ಮಲಗಿ, ವಾರಗಟ್ಟಲೆ ಓಡಾಡಿ ತೆಗೆದುಕೊಳ್ಳುವಂಥದ್ದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹೀಗೆ ಬೀಜ ನೆಡುವ ಬ್ರಾಕಿಥೆರಪಿ ಒಳಗಿನ ಕರೆಂಟು. 'ಬ್ರಾಕಿಸ್' ಎಂದರೆ ಗ್ರೀಕ್ ಭಾಷೆಯಲ್ಲಿ ಗಿಡ್ಡ. ವಿಕಿರಣ ಹಾಯಬೇಕಾದ ದಾರಿ ಗಿಡ್ಡ ಎಂದು ಈ ಹೆಸರು.

ಇದರ ಮೂಲ ಒಂದು ಸುಟ್ಟ ಗಾಯ. ಫ್ರೆಂಚ್ ಭೌತವಿಜ್ಞಾನಿ ಹೆನ್ರಿ ಬೆಕೆರೆಲ್ ರೇಡಿಯಂ ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡಿ 1901ರಲ್ಲಿ ಚರ್ಮ ಸುಟ್ಟುಕೊಂಡರು. ಒಳ್ಳೆಯ ಚರ್ಮವನ್ನೇ ಸುಡುವುದಾದರೆ ಕೆಟ್ಟ ಗೆಡ್ಡೆಯನ್ನೂ ಸುಡಬಹುದಲ್ಲ! ಪಿಯರೆ ಕ್ಯೂರಿ ಪ್ಯಾರಿಸ್ಸಿನ ಚರ್ಮವೈದ್ಯರಿಗೆ ರೇಡಿಯಂ ಕೊಟ್ಟು ನೋಡಿದರು. ಟೆಲಿಫೋನಿನ ಗ್ರಹಾಂ ಬೆಲ್ ಕೂಡ 1903ರಲ್ಲಿ, ರೇಡಿಯಂ ಚೂರನ್ನು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ ಗೆಡ್ಡೆಯ ಒಡಲಲ್ಲೇ ಏಕೆ ಇಡಬಾರದು ಎಂದು ಪತ್ರ ಬರೆದರು. 1910ರ ದಶಕದಲ್ಲೇ ಪ್ಯಾರಿಸ್ಸಿನ ವೈದ್ಯರು ಮೂತ್ರನಾಳದ ಮೂಲಕ ರೇಡಿಯಂ ಅನ್ನು ಪ್ರಾಸ್ಟೇಟಿನವರೆಗೆ ಮುಟ್ಟಿಸಿದ್ದರು. 1970ರ ದಶಕದಲ್ಲಿ ನ್ಯೂಯಾರ್ಕಿನ ವಿಲೆಟ್ ವಿಟ್ಮೋರ್ ಹೊಟ್ಟೆ ಕೊಯ್ದು, ಕೈಯಂದಾಜಿನಲ್ಲಿ ಅಯೋಡಿನ್ ಬೀಜ ನೆಟ್ಟರು. ಕೆಲವೆಡೆ ಒತ್ತಾಗಿ, ಕೆಲವೆಡೆ ವಿರಳವಾಗಿ ಬಿದ್ದವು. ವಿರಳವಾದಲ್ಲಿ ರೋಗ ಉಳಿಯಿತು. ಕೆಲಸ ಕೈಗೆ ಬಂದದ್ದು ಕೋಪನ್‌ಹೇಗನ್ನಿನ ಹ್ಯಾನ್ಸ್ ಹೆನ್ರಿಕ್ ಹೋಮ್ ಗುದದ್ವಾರದ ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯನ್ನು ಕಣ್ಣಾರೆ ನೋಡುತ್ತ ಸೂಜಿ ಹಾಕಿದಾಗ. 1985ರಲ್ಲಿ ಸಿಯಾಟಲ್‌ನ ಬ್ಲಾಸ್ಕೊ ಮತ್ತು ರಾಗ್ಡೆ ಅದನ್ನು ಅಮೆರಿಕಕ್ಕೆ ತಂದು ಪಳಗಿಸಿದರು.

ಆ ಸೂಜಿಗಳಿಗೆ ದಾರಿ ತೋರುವ ತೂತಿನ ಹಲಗೆಯನ್ನು ನೋಡಿದರೆ ಚುಕ್ಕಿ ರಂಗೋಲಿ ನೆನಪಾಗುತ್ತದೆ. ಐದೈದು ಮಿಲಿಮೀಟರಿಗೆ ಒಂದು ತೂತು. ಪ್ರತಿ ತೂತಿಗೂ ಒಂದು ಅಕ್ಷರ, ಒಂದು ಅಂಕಿ. ಅದೇ ಚುಕ್ಕಿಗಳು ಅಲ್ಟ್ರಾಸೌಂಡ್ ಪರದೆಯ ಮೇಲೂ ಮೂಡಿರುತ್ತವೆ. ರೋಗಿ ಅರಿವಳಿಕೆಯಲ್ಲಿ ಕಾಲೆತ್ತಿ ಮಲಗಿರುತ್ತಾನೆ. ವೃಷಣಕ್ಕೂ ಗುದಕ್ಕೂ ನಡುವಿನ ಚರ್ಮಕ್ಕೆ ಹಲಗೆ ಒತ್ತಿಕೊಂಡಿರುತ್ತದೆ. ಭೌತವಿಜ್ಞಾನಿ ಚುಕ್ಕಿಯ ಹೆಸರು ಕೂಗಿ ಹೇಳುತ್ತಾರೆ, ವೈದ್ಯರು ಸೂಜಿ ತೂರಿಸುತ್ತಾರೆ, ಬೀಜ ಬಿಟ್ಟು ಸೂಜಿ ಹಿಂದೆಳೆಯುತ್ತಾರೆ. ನಡುವೆ ಮೂತ್ರನಾಳ ಹಾದುಹೋಗುವ ಜಾಗದಲ್ಲಿ ಬೀಜ ಒತ್ತಾಗಿ ಬೀಳಬಾರದು. ಕೊಯ್ತವಿಲ್ಲ, ಹೊಲಿಗೆಯಿಲ್ಲ, ಒಂದೋ ಎರಡೋ ಗಂಟೆಯ ಕೆಲಸ. ಅದೇ ಸಂಜೆ ಅಥವಾ ಮರುದಿನ ಮನೆ.

ಮೋಸ ಹೋಗುವುದು ಇಲ್ಲೇ. ಮನೆಗೆ ಕಳಿಸಿದರು ಎಂದರೆ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ನೋಡಲು ಬಂದ ನೆಂಟರೂ 'ಎರಡೇ ದಿನಕ್ಕೆ ಎದ್ದು ಓಡಾಡ್ತಿದಾರೆ' ಎಂದು ಹೊಗಳಿ ಹೋಗುತ್ತಾರೆ. ಆದರೆ ಅಂದಿಗೆ ಮುಗಿದದ್ದು ಬಿತ್ತನೆ ಮಾತ್ರ. ಅಯೋಡಿನ್-125ರ ಅರ್ಧಾಯು ಸುಮಾರು 60 ದಿನ. ಎರಡು ತಿಂಗಳಿಗೆ ಶಕ್ತಿ ಅರ್ಧ, ನಾಲ್ಕು ತಿಂಗಳಿಗೆ ಕಾಲುಭಾಗ, ಎಂಟು ತಿಂಗಳಿಗೆ ಹದಿನಾರರಲ್ಲೊಂದು. ಚೇತರಿಕೆಗೂ ಈ ಪಂಚಾಂಗವೇ ದಿಕ್ಕು, ಡಿಸ್ಚಾರ್ಜ್ ಚೀಟಿಯಲ್ಲ.

ಮೊದಲ ದಿನಗಳ ನೋವು ಸೂಜಿಯದು. ಮೂತ್ರ ಹರಿಯಲು ಹಾಕಿದ ಕೊಳವೆ, ಅಂದರೆ ಕ್ಯಾತೆಟರ್, ತೆಗೆದ ಮೇಲೆ ಮೂತ್ರ ಒಂದೆರಡು ದಿನ ತೆಳು ಕೆಂಪು. ತೊಡೆಸಂದಿಯಲ್ಲಿ ನೇರಳೆ ಬಣ್ಣಕ್ಕೆ ಕಂದಿದ ಕಲೆ, ವೃಷಣದಲ್ಲಿ ಬಾವು. ಗಟ್ಟಿ ಕುರ್ಚಿಯಲ್ಲಿ ಕೂರಲಾಗುವುದಿಲ್ಲ, ಮೆತ್ತೆ ಬೇಕು. ಸೈಕಲ್ ಕೆಲವು ವಾರ ಮೂಲೆಗೆ. ಇದೆಲ್ಲ ಬೇಗ ಇಳಿಯುತ್ತದೆ. ಇಳಿಯಿತು ಎಂದು ನಿರಾಳವಾಗುವ ಹೊತ್ತಿಗೆ, ಎರಡನೆಯದೋ ಮೂರನೆಯದೋ ವಾರದಲ್ಲಿ, ವಿಕಿರಣದ ಉರಿ ಶುರುವಾಗುತ್ತದೆ.

ರಾತ್ರಿ ಎರಡೂವರೆ. ಮೂರನೇ ಸಲ ಎದ್ದದ್ದು. ಬಚ್ಚಲ ದೀಪ ಹಾಕಿ ನಿಂತರೆ ಅವಸರವಿದ್ದಷ್ಟು ಮೂತ್ರ ಇಲ್ಲ, ಕಾಯಬೇಕು. ಬಂದದ್ದು ಸಣ್ಣ ಧಾರೆ, ಮೆಣಸಿನಕಾಯಿ ಮುಟ್ಟಿದಂಥ ಉರಿ. ಕೈಯಲ್ಲಿ ಹಳೆಯ ಟೀ ಸೋಸುವ ಜರಡಿ. ಮೊದಲ ವಾರಗಳಲ್ಲಿ ಅಪರೂಪಕ್ಕೆ ಒಂದು ಬೀಜ ಮೂತ್ರದ ಜೊತೆ ಬಂದುಬಿಡುವುದುಂಟು, ಅದಕ್ಕೇ ಸೋಸಿ ನೋಡಿ ಎಂದಿರುತ್ತಾರೆ. ಸಿಕ್ಕಿದರೆ ಬೆರಳಲ್ಲಿ ಮುಟ್ಟದೆ, ಚಮಚದಲ್ಲೋ ಚಿಮುಟದಲ್ಲೋ ಎತ್ತಿ, ಆಸ್ಪತ್ರೆ ಕೊಟ್ಟ ಸೀಸದ ಡಬ್ಬಿಗೆ ಹಾಕಬೇಕು. ಹೆಚ್ಚಿನವರ ಜರಡಿಯಲ್ಲಿ ಏನೂ ಸಿಗುವುದಿಲ್ಲ.

ಈ ಉರಿ, ಅವಸರ, ನಿಧಾನ ಎಲ್ಲ ಮೊದಲ ಒಂದೆರಡು ತಿಂಗಳಲ್ಲಿ ತುದಿ ಮುಟ್ಟಿ, ಆಮೇಲೆ ಬೀಜ ಸೊರಗಿದಂತೆ ಸೊರಗುತ್ತವೆ. ಬಹಳ ಮಂದಿಗೆ ಆರು ತಿಂಗಳಿಂದ ವರ್ಷದೊಳಗೆ ಸುಮಾರಾಗಿ ಮೊದಲಿನಂತೆ. ಅಲ್ಲಿಯವರೆಗೆ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಸಂಗಾತಿ. ಹಗಲು ಚೆನ್ನಾಗಿ ನೀರು ಕುಡಿದು, ಸಂಜೆಯ ನಂತರ ಕಡಿಮೆ ಮಾಡುವುದು; ಕಾಫಿಯ ಲೋಟ ಚಿಕ್ಕದು ಮಾಡುವುದು. (ಮಾತ್ರೆ ನುಂಗುವವರೂ ಕಾಫಿಯ ವಿಷಯಕ್ಕೆ ಜಗಳ ತೆಗೆಯುತ್ತಾರೆ.) ಆದರೆ ಮೂತ್ರ ಪೂರ್ತಿ ಕಟ್ಟಿ, ಹೊಟ್ಟೆ ಬಿಗಿದರೆ ಬೆಳಗಿನವರೆಗೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆ, ಮತ್ತೆ ಕ್ಯಾತೆಟರ್. ಮೊದಲೇ ಗ್ರಂಥಿ ದೊಡ್ಡದಾಗಿದ್ದವರಿಗೆ ಈ ಭಯ ಹೆಚ್ಚು.

ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಬ್ರಾಕಿಯ ಇನ್ನೊಂದು ಬಗೆ. ಗರ್ಭಕಂಠದ ಕ್ಯಾನ್ಸರಿಗೆಂದು ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇರಿಡಿಯಂ-192ರ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಪ್ರಾಸ್ಟೇಟಿಗೂ ಅದನ್ನೇ ಬಳಸಬಹುದು: ಟೊಳ್ಳು ಸೂಜಿಗಳನ್ನು ನೆಟ್ಟರೆ, ತಂತಿಯ ತುದಿಯ ಇರಿಡಿಯಂ ಚೂರು ಒಂದೊಂದರೊಳಗೂ ಹೋಗಿ, ಗೊತ್ತುಮಾಡಿದಷ್ಟು ಸೆಕೆಂಡು ನಿಂತು, ಪೆಟ್ಟಿಗೆಗೆ ಮರಳುತ್ತದೆ. ಸೂಜಿ ತೆಗೆದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ ಆರಿಸಿಕೊಂಡದ್ದು ಇದನ್ನೇ. ತಾವೇ ಓದಿ, ಅಂಕಿಅಂಶ ತಾಳೆ ನೋಡಿ ತೀರ್ಮಾನಿಸಿದ ಕಥೆಯನ್ನು 1996ರಲ್ಲಿ 'ಫಾರ್ಚೂನ್' ಪತ್ರಿಕೆಯಲ್ಲಿ ಬರೆದರು. ಈ ಬಗೆಯಲ್ಲಿ ಉರಿ ಬೇಗ ಇಳಿಯುವುದು ಹೆಚ್ಚು, ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬಹುದೇ ಎಂಬ ಪ್ರಶ್ನೆಯೂ ಇಲ್ಲ.

ಬೀಜ ನೆಟ್ಟವರಿಗೆ ಆ ಪ್ರಶ್ನೆ ಇದೆ. ಅಯೋಡಿನ್ನಿನ ಕಿರಣ ದುರ್ಬಲ, ಬಹುಪಾಲು ಮೈಯಲ್ಲೇ ಇಂಗಿಹೋಗುತ್ತದೆ; ಹೆಂಡತಿಯ ಪಕ್ಕ ಮಲಗಲು ಅಡ್ಡಿಯಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಆದರೆ ಮೊದಲ ಎರಡು ತಿಂಗಳು ಮಗುವನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬಸುರಿಯರಿಂದ ಒಂದು ಮಾರು ದೂರವಿರಿ ಎನ್ನುತ್ತಾರೆ. ಓಡಿಬಂದ ಮೊಮ್ಮಗಳನ್ನು ಒಮ್ಮೆ ಅಪ್ಪಿ ಕೆಳಗಿಳಿಸಬಹುದು. ಕಥೆ ಹೇಳುವಾಗ ಅವಳು ಎದುರು ಕುರ್ಚಿಯಲ್ಲಿ.

ಪರ್ಸಿನಲ್ಲಿ ಒಂದು ಕಾರ್ಡು ಇರುತ್ತದೆ: ಯಾವ ಬೀಜ, ಎಷ್ಟು, ಯಾವ ದಿನ. ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಕೂಗಿಕೊಂಡರೆ ಅದು ಉತ್ತರ. ಇನ್ನೊಂದು ಉಪಯೋಗವನ್ನು ಯಾರೂ ಬಾಯಿಬಿಟ್ಟು ಹೇಳಲು ಇಷ್ಟಪಡುವುದಿಲ್ಲ. ಬೀಜ ನೆಟ್ಟ ವರ್ಷದೊಳಗೆ ಬೇರೆ ಯಾವ ಕಾರಣಕ್ಕಾದರೂ ತೀರಿಕೊಂಡರೆ, ದಹನಕ್ಕೆ ಮೊದಲು ಆಸ್ಪತ್ರೆಯನ್ನು ಕೇಳಬೇಕು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2005ರಲ್ಲಿ ಅಯೋಡಿನ್-125ಕ್ಕೆ ಹಾಕಿದ ಗಡುವು 12 ತಿಂಗಳು. ಹೂಳುವುದಕ್ಕೆ ತೊಂದರೆಯಿಲ್ಲ, ಬೂದಿಯದೇ ಚಿಂತೆ. ಅಸ್ಥಿ ಆರಿಸಿ ಹೊಳೆಗೆ ಬಿಡುವ ನಮ್ಮಂಥವರ ಮನೆಗಳಲ್ಲಿ ಈ ಮಾತನ್ನು ಮೊದಲೇ ಒಬ್ಬರ ಕಿವಿಗೆ ಹಾಕಿಡುವುದು ವಾಸಿ. ಹಾಗೆಯೇ ಗುದದಲ್ಲಿ ರಕ್ತ ಕಂಡು ಬೇರೊಬ್ಬ ಡಾಕ್ಟರರು ಚೂರು ತೆಗೆದು ಪರೀಕ್ಷಿಸಲು ಹೊರಟರೆ, ಕಾರ್ಡು ತೋರಿಸಿ ತಡೆಯಬೇಕು. ವಿಕಿರಣ ಉಂಡ ಆ ಗೋಡೆಯ ಗಾಯ ಮಾಯುವುದು ಕಷ್ಟ.

ಲೈಂಗಿಕತೆಯ ಮಾತು ನಮ್ಮ ಹೊರರೋಗಿ ಕೋಣೆಗಳಲ್ಲಿ ಬರುವುದೇ ಇಲ್ಲ. ಬರಬೇಕು. ವೀರ್ಯ ಕಡಿಮೆಯಾಗುತ್ತದೆ, ಮೊದಮೊದಲು ಕಂದು ಬಣ್ಣವಿರುತ್ತದೆ, ಕೆಲವು ವಾರ ಕಾಂಡೋಮ್ ಬೇಕು. ನಿಮಿರುವಿಕೆ ಕುಗ್ಗುವುದಾದರೆ ತಕ್ಷಣವಲ್ಲ, ವರ್ಷಗಳ ಮೇಲೆ ನಿಧಾನವಾಗಿ. ಅದಕ್ಕೆ ಮಾತ್ರೆಗಳೂ ಇವೆ.

ಉಳಿದದ್ದು ಪಿಎಸ್‌ಎ, ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ಹೇಳುವ ಪರೀಕ್ಷೆ. ಗ್ರಂಥಿಯನ್ನೇ ಕಿತ್ತು ಹಾಕಿದವರಿಗೆ ಈ ಅಂಕಿ ವಾರಗಳಲ್ಲೇ ನೆಲ ಕಚ್ಚುತ್ತದೆ; ಇಲ್ಲಿ ಗ್ರಂಥಿ ಇರುವುದರಿಂದ ಮೆಟ್ಟಿಲು ಮೆಟ್ಟಿಲಾಗಿ, ವರ್ಷಗಟ್ಟಲೆ ಇಳಿಯುತ್ತದೆ. ಹಾಗೆ ಇಳಿಯುತ್ತಿದ್ದದ್ದು ಒಂದೂವರೆ ವರ್ಷದ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಏರುವುದುಂಟು. ರೋಗ ಮರಳಿತು ಎಂದು ಮನೆಯವರ ಊಟ ನಿಲ್ಲುತ್ತದೆ. ವೈದ್ಯರು ಇದಕ್ಕೆ 'ಬೌನ್ಸ್' ಎನ್ನುತ್ತಾರೆ. ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿ ಇಳಿಯುತ್ತದೆ. ಅತಿ ಕೆಳಗಿನ ಅಂಕಿಗಿಂತ 2 ಹೆಚ್ಚಾದರೆ ಮರುಕಳಿಕೆ ಎಂದು ಅನುಮಾನಿಸುವುದು ವಾಡಿಕೆಯ ಗಡಿ, ಆದರೆ ಕೆಲವು ಬೌನ್ಸು ಅದನ್ನೂ ದಾಟಿ ಹೆದರಿಸಿ ವಾಪಸು ಬರುತ್ತದೆ. ಹಾಗಾಗಿ ಅನುಭವಿ ವೈದ್ಯರು ರಿಪೋರ್ಟು ನೋಡಿ ಹೊಸ ಮಾತ್ರೆ ಬರೆಯುವುದಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ, ಮತ್ತೊಮ್ಮೆ ರಕ್ತ ನೋಡೋಣ ಎನ್ನುತ್ತಾರೆ. ರೋಗಿ ರಿಪೋರ್ಟು ಮಡಚಿ, ಕಾರ್ಡಿನ ಪಕ್ಕ ಪರ್ಸಿಗೆ ಸೇರಿಸುತ್ತಾನೆ.